ಟೈಲರಮ್ಮನ ನಾಲ್ಕು ದಿನ

ಆಸ್ಪತ್ರೆಯೊಂದರಲ್ಲಿ ದಿನಕ್ಕೆ ಎಷ್ಟು ಹಾಸಿಗೆ ಬಟ್ಟೆ ಕೊಳೆಯಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಯೋಚಿಸುವುದು ಒಗೆಯುವ ಯಂತ್ರ ಕೆಟ್ಟು ಕೂತಾಗ. ಆಗ ಮೇಲಿನ ಮಹಡಿಯಲ್ಲಿ ಆಪರೇಷನ್ನುಗಳನ್ನು ಮುಂದಕ್ಕೆ ಹಾಕುತ್ತಾರೆ, ನೆಲಮಾಳಿಗೆಯಲ್ಲಿ ಕೊಳೆಬಟ್ಟೆಯ ಮೂಟೆಗಳು ಸೂರು ಮುಟ್ಟುತ್ತವೆ, ಯಾರೋ ಒಬ್ಬರು ಕಂಪನಿಗೆ ಫೋನು ಮಾಡಿ, ಬೇರೆ ಯಾರೂ ಬೇಡ, ಆ ಬೀಗದಕ್ಕನನ್ನೇ ಕಳಿಸಿ ಅನ್ನುತ್ತಾರೆ.

ಬೀಗದಕ್ಕನಿಗೆ ಮೂವತ್ತೆಂಟು ವರ್ಷ. ಇವಳು ರಿಪೇರಿ ಮಾಡುವ ಯಂತ್ರಗಳು ಮನೆಯಲ್ಲಿರುವಂಥವಲ್ಲ. ಒಂದೊಂದರ ಬಾಗಿಲು ಆಳೆತ್ತರ, ಹೊಟ್ಟೆಯಲ್ಲಿ ಒಂದೇ ಸಲಕ್ಕೆ ನೂರು ಕಿಲೋ ಬಟ್ಟೆ. ಒಳಗಿನ ಉರುಳೆಯ ಬೇರಿಂಗು ಸವೆದರೆ ಮನುಷ್ಯರೇ ಒಳಗೆ ನುಸುಳಬೇಕು. ಹದಿನೈದು ವರ್ಷದ ಹಿಂದೆ ಇವಳನ್ನು ಕೆಲಸಕ್ಕೆ ಸೇರಿಸಿಕೊಂಡ ಹಿರಿಯ ಮೆಕ್ಯಾನಿಕ್ಕು ನೋಡಿದ್ದು ಸರ್ಟಿಫಿಕೇಟನ್ನಲ್ಲ, ಭುಜದ ಅಗಲವನ್ನು. "ಒಳಗೆ ಹೋಗ್ತೀಯಾ, ಹೊರಗೆ ಬರ್ತೀಯಾ. ಸಾಕು" ಅಂದಿದ್ದ. ಮೊದಲ ವರ್ಷಗಳಲ್ಲಿ ಜೊತೆಯ ಗಂಡಸರು, ಮನೆಯಲ್ಲೂ ಬಟ್ಟೆ, ಇಲ್ಲೂ ಬಟ್ಟೆ, ನಿನಗೆ ಬೇಜಾರಾಗಲ್ವಾ ಎಂದು ಕಿಚಾಯಿಸುತ್ತಿದ್ದರು. ಇವಳು ಸ್ಪ್ಯಾನರ್ ಕೆಳಗಿಡದೆ ಉತ್ತರ ಕೊಡುತ್ತಿದ್ದಳು: "ಮನೇಲಿ ಕೆಡೋದು ಬೆನ್ನು, ಇಲ್ಲಿ ಕೆಡೋದು ಮೆಷಿನ್ನು. ಮೆಷಿನ್ನಾದ್ರೆ ರಿಪೇರಿ ಆಗುತ್ತೆ."

ಬೀಗದಕ್ಕ ಎಂಬ ಹೆಸರು ಬಂದದ್ದು ಅವಳ ಹಟದಿಂದ. ಈ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಉರುಳೆಯೊಳಗೆ ಹೋಗುವವರು ಮೊದಲು ಮೇನ್ ಸ್ವಿಚ್ಚು ಇಳಿಸಿ ಅದಕ್ಕೆ ತಮ್ಮದೇ ಬೀಗ ಹಾಕಬೇಕು, ಬೀಗಕ್ಕೆ ತಮ್ಮ ಫೋಟೋ ಇರುವ ಚೀಟಿ ತೂಗುಹಾಕಬೇಕು, ಕೀಲಿಯನ್ನು ಕೊರಳಲ್ಲಿ ಹಾಕಿಕೊಳ್ಳಬೇಕು. ಮೂವರು ಒಳಗೆ ಹೋದರೆ ಮೂರು ಬೀಗ. ಹಾಕಿದವರೇ ತೆಗೆಯಬೇಕು, ಸಾಕ್ಷಾತ್ ಆಸ್ಪತ್ರೆಯ ಯಜಮಾನರೇ ಬಂದರೂ ಇನ್ನೊಬ್ಬರ ಬೀಗ ಮುಟ್ಟುವ ಹಾಗಿಲ್ಲ. ಇವಳಿಗೆ ಕೆಲಸ ಕಲಿಸಿದ ಆ ಹಿರಿಯನ ಬಲಗೈಯಲ್ಲಿ ಉಳಿದಿದ್ದು ಎರಡೇ ಬೆರಳು. ಒಳಗೆ ಯಾರೂ ಇಲ್ಲ ಅಂದುಕೊಂಡು ಯಾರೋ ಒಮ್ಮೆ ಗುಂಡಿ ಒತ್ತಿದ್ದರ ಫಲ ಅದು. ಆ ಎರಡು ಬೆರಳನ್ನು ದಿನಾ ನೋಡುತ್ತ ಬೆಳೆದವಳಿಗೆ ಬೀಗದ ವಿಷಯದಲ್ಲಿ ತಮಾಷೆ ಹಿಡಿಸುತ್ತಿರಲಿಲ್ಲ. ಐದು ನಿಮಿಷದ ಕೆಲಸಕ್ಕೂ ಬೀಗ, ಎರಡು ನಿಮಿಷದ ಕೆಲಸಕ್ಕೂ ಬೀಗ.

ಗಂಡ ಇದ್ದ. ಅವನದೂ ತಿರುಗಾಟದ ಕೆಲಸವೇ. ಅವನು ಊರೂರು ಸುತ್ತುವಾಗ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವನನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಜಗಳವೇನೂ ಆಗಲಿಲ್ಲ. ಮೊದಲು ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು, ಆಮೇಲೆ ಅಲ್ಲೊಂದು ಮನೆ ಸಿಕ್ಕಿತು, ಆ ಮನೆಯಲ್ಲಿ ಆಗಲೇ ಒಬ್ಬಳು ಇದ್ದಾಳೆ ಎಂಬುದು ಕೊನೆಗೆ ಗೊತ್ತಾಯಿತು. ಆಗ ಮಗಳಿಗೆ ಎರಡೂವರೆ ವರ್ಷ. ಸಿಕ್ಕಿದ್ದನ್ನೆಲ್ಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುತ್ತಿದ್ದ ಅವಳಿಗೆ ಮನೆಯಲ್ಲಿ ಇರುವೆ ಎಂದು ಹೆಸರು.

ಇರುವೆಯನ್ನು ಬಿಟ್ಟು ಹೋಗುವುದೆಲ್ಲಿ? ಅಮ್ಮ ಅಣ್ಣನ ಮನೆಯಲ್ಲಿದ್ದಳು, ಅಣ್ಣನ ಮೂರು ಮಕ್ಕಳು ಅಮ್ಮನ ಸೊಂಟಕ್ಕೆ ಜೋತುಬಿದ್ದಿದ್ದವು. ಶಿಶುವಿಹಾರ ಸಂಜೆ ಆರಕ್ಕೆ ಬಾಗಿಲು ಹಾಕುತ್ತಿತ್ತು. ಆರೂ ಹತ್ತಕ್ಕೆ ಓಡೋಡಿ ಬಂದವಳನ್ನು ಅಲ್ಲಿಯ ಆಯಾ ನೋಡುತ್ತಿದ್ದ ನೋಟಕ್ಕೆ ಕಬ್ಬಿಣವೂ ಕರಗಬೇಕು. ಅತ್ತಿಗೆ ಒಂದು ವಾರ ಇಟ್ಟುಕೊಂಡು, ಹೇನಿತ್ತು ಎಂದು ಮಗುವಿನ ತಲೆಕೂದಲನ್ನು ಕಿವಿಮಟ್ಟಕ್ಕೆ ಕತ್ತರಿಸಿ ಕಳಿಸಿದಳು. ಹೇನು ಅವಳ ಮಕ್ಕಳದು. ಅದನ್ನು ಹೇಳುವ ಹಾಗಿಲ್ಲ, ಹೇಳಿದರೆ ಆ ಬಾಗಿಲೂ ಮುಚ್ಚುತ್ತದೆ. ಮನೆಗೇ ಬಂದಿರಲು ಒಪ್ಪಿದ ಹುಡುಗಿಯೊಬ್ಬಳು ಎಂಟನೇ ದಿನ ಮದುವೆ ನಿಶ್ಚಯವಾಯಿತೆಂದು ಹೊರಟಳು. ಹೀಗೆ ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಳೆದ ಮೇಲೆ, ಊರೆಲ್ಲ ಹುಡುಕಿದ್ದು ಮೆಟ್ಟಿಲ ಕೆಳಗೇ ಇತ್ತು ಎಂದು ತಿಳಿಯಿತು.

ಇವರ ಮನೆ ಮೂರನೇ ಮಹಡಿಯಲ್ಲಿ. ಕೆಳಗೆ, ಎರಡನೇ ಮಹಡಿಯಲ್ಲಿ ಟೈಲರಮ್ಮ. ಐವತ್ತರ ಆಸುಪಾಸು, ಶಾಲೆಯ ಯೂನಿಫಾರಂ ಹೊಲಿಯುವವರು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಗಂಡ ಹೋದರು, ಗಂಡನ ಅಮ್ಮ ಉಳಿದರು. ಆ ಮುದುಕಿಗೆ ಎಂಬತ್ತಾರು, ಕೋಲು ಹಿಡಿದು ಹತ್ತು ಹೆಜ್ಜೆ, ಅದಕ್ಕಿಂತ ಹೆಚ್ಚಿಲ್ಲ. ಇವಳ ಎದುರು ಬಾಗಿಲಲ್ಲಿ ಡ್ರೈವರಣ್ಣ: ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಒಂಟಿಜೀವ. ದಿನ ಕಳೆಯಲು ಆಗದೆ ಕಿಟಕಿಯಲ್ಲಿ ಕೂತು ರಸ್ತೆಯ ಬೇರೆ ಡ್ರೈವರುಗಳ ತಪ್ಪು ಹುಡುಕುತ್ತಿದ್ದವನು. ಮಗುವನ್ನು ಶಾಲೆಯಿಂದ ಕರೆತರಲು ಅವನೇ ಮುಂದೆ ಬಂದ. ಆಮೇಲೆ ಟೈಲರಮ್ಮ, ನಮ್ಮಲ್ಲಿ ಹೇಗೂ ಅಡುಗೆ ಆಗುತ್ತೆ, ಒಂದು ತುತ್ತು ಹೆಚ್ಚಲ್ಲ ಅಂದರು. ದುಡ್ಡಿನ ಮಾತು ಮೊದಲ ವಾರವೇ ಮುಗಿದಿತ್ತು, ಅದರಲ್ಲಿ ಯಾರಿಗೂ ತಕರಾರಿರಲಿಲ್ಲ.

ಬೀಗದಕ್ಕನಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಅದನ್ನೇ ಮನೆಗೂ ತಂದಳು. ಅಡುಗೆಮನೆಯ ಗೋಡೆಗೆ ಒಂದು ಹಲಗೆ ಹೊಡೆದು ಮೂರು ಮೊಳೆ ಬಡಿದಳು. ಟೈಲರಮ್ಮ ಹಳೇ ಬಟ್ಟೆಯಲ್ಲಿ ಮೂರು ಚೀಟಿ ಹೊಲಿದುಕೊಟ್ಟರು: ಅಮ್ಮನದು ಕೆಂಪು, ಡ್ರೈವರಣ್ಣನದು ನೀಲಿ, ತಮ್ಮದು ಹಸಿರು. ಮಗು ಯಾರ ಸುಪರ್ದಿನಲ್ಲಿದೆಯೋ ಅವರು ತಮ್ಮ ಚೀಟಿ ತೂಗುಹಾಕಬೇಕು, ಮುಗಿದ ಮೇಲೆ ಅವರೇ ತೆಗೆಯಬೇಕು. ಮೊದಮೊದಲು ಡ್ರೈವರಣ್ಣ ನಕ್ಕ. ತನಗೂ ಒಂದು ಬಣ್ಣ ಬಂತೆಂದು ಗೊತ್ತಾದ ಮೇಲೆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಕೆಲಸಕ್ಕೆ ಹಾಜರಾಗುವವನ ಹಾಗೆ ನೆಟ್ಟಗೆ ನಡೆದುಬಂದು ತೂಗುಹಾಕತೊಡಗಿದ. ಎರಡು ವರ್ಷ ಹೀಗೇ ನಡೆಯಿತು. ಬೀಗದಕ್ಕ ತಿಂಗಳಿಗೆ ಎಂಟು ದಿನ, ಹತ್ತು ದಿನ ನೆಮ್ಮದಿಯಾಗಿ ಊರು ತಿರುಗಿದಳು.

ಆ ವರ್ಷ ಕಂಪನಿಗೆ ದೊಡ್ಡ ಕೆಲಸ ಬಂತು. ಹೊಸದಾಗಿ ಕಟ್ಟುತ್ತಿದ್ದ ಆಸ್ಪತ್ರೆಯಲ್ಲಿ ಹನ್ನೆರಡು ಯಂತ್ರ ಕೂರಿಸಬೇಕು. ಮ್ಯಾನೇಜರು ಅವಳನ್ನು ಕರೆದು ವಿಷಯ ಬಿಡಿಸಿ ಹೇಳಿದ. ಮೂರು ತಿಂಗಳು, ತಿಂಗಳಲ್ಲಿ ಅರ್ಧ ಅಲ್ಲಿರಬೇಕು. ಒಪ್ಪಿದರೆ ಅವಳೇ ಮುಖ್ಯಸ್ಥೆ, ಕೈಕೆಳಗೆ ನಾಲ್ಕು ಜನ. ಆಗುವುದಿಲ್ಲ ಎಂದರೆ ತಪ್ಪೇನಿಲ್ಲ, ಮಗು ಇರುವವರ ಕಷ್ಟ ತನಗೆ ಅರ್ಥವಾಗುತ್ತದೆ, ಬಿಡಿಭಾಗಗಳ ಕೌಂಟರಿನಲ್ಲಿ ಒಂದು ಕುರ್ಚಿ ಖಾಲಿಯಿದೆ. ಬಿಡಿಭಾಗಗಳ ಕೌಂಟರು ಅಂದರೆ ಕಿಟಕಿಯಿಲ್ಲದ ಕೋಣೆ, ದಿನವಿಡೀ ನಟ್ಟು ಬೋಲ್ಟಿಗೆ ಸಹಿ ಹಾಕಿಸಿಕೊಳ್ಳುವುದು. ಅದರ ಒಳಗೆ ಹೋದ ಹೆಂಗಸರು ಯಾರೂ ಮತ್ತೆ ಸ್ಪ್ಯಾನರು ಮುಟ್ಟಿದ್ದಿಲ್ಲ. ಬೀಗದಕ್ಕ ಒಪ್ಪಿಬಂದಳು. ಮನೆಯ ವ್ಯವಸ್ಥೆ ಗಟ್ಟಿಯಿದೆ ಅಂದಳು. ಗಟ್ಟಿಯಿದೆ ಎಂದೇ ನಂಬಿದ್ದಳು.

ಅದೇ ವಾರ ಕಟ್ಟಡದವರ ವಾರ್ಷಿಕ ಸಭೆ. ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ನೀರಿನ ಟ್ಯಾಂಕು, ಮೆಟ್ಟಿಲ ದೀಪ ಎಲ್ಲ ಮಾತಾಡಿದ ಮೇಲೆ ಅಧ್ಯಕ್ಷರು ಡ್ರೈವರಣ್ಣನನ್ನು ಎದ್ದು ನಿಲ್ಲಲು ಹೇಳಿದರು. ಈ ಕಾಲದಲ್ಲಿ, ಈ ವಯಸ್ಸಿನಲ್ಲಿ, ಪರರ ಮಗುವಿಗೆ ಜಡೆ ಹಾಕುವ ಗಂಡಸು ಎಲ್ಲಿ ಸಿಗುತ್ತಾನೆ ಅಂದರು. ಜಡೆಯ ಮಾತು ನಿಜ. ಡ್ರೈವರಣ್ಣ ಜಡೆ ಕಲಿತಿದ್ದ. ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಅಷ್ಟೆ. ಶಾಲೆಯ ಗೇಟಿನಲ್ಲಿ ಅಮ್ಮಂದಿರೆಲ್ಲ ಅವನನ್ನು ಸುತ್ತುವರಿದು ಮೆಚ್ಚುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಗದಕ್ಕನೂ ಎದ್ದು ನಿಂತು, ಇವರೊಬ್ಬರು ಇಲ್ಲದಿದ್ದರೆ ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಿತ್ತು ಎಂದು ಮನಸಾರೆ ಹೇಳಿದಳು. ಟೈಲರಮ್ಮ ಮೂರನೇ ಸಾಲಿನಲ್ಲಿದ್ದರು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದರೆಂದು ಕಾಣುತ್ತದೆ, ಚಪ್ಪಾಳೆ ಮುಗಿಯುವ ಮೊದಲೇ ಎದ್ದು ಹೋದರು.

ಮೂರನೆಯ ದಿನ ಬೀಗದಕ್ಕ ಹೊಸ ಆಸ್ಪತ್ರೆಯ ಜಾಗ ಅಳೆದುಬರಲು ಹೊರಡಬೇಕಿತ್ತು. ಬೆಳಗಿನ ಗಡಿಬಿಡಿಯಲ್ಲಿ ನೀರಿನ ಬಾಟಲಿ ತುಂಬುತ್ತ ಹಲಗೆ ನೋಡಿದಳು. ಡ್ರೈವರಣ್ಣನ ನೀಲಿ ಚೀಟಿ ತೂಗುತ್ತಿತ್ತು. ಹಸಿರು ಚೀಟಿ ಮೊಳೆಯ ಮೇಲಿಲ್ಲದಾಗ ಹಲಗೆಯ ಕೆಳಗಿನ ತಟ್ಟೆಯಲ್ಲಿ ಇರುತ್ತಿತ್ತು, ಈಗ ಅಲ್ಲೂ ಇರಲಿಲ್ಲ. ಅಂಚು ಬಿಚ್ಚಿರಬೇಕು, ಹೊಲಿದು ತರಲು ಒಯ್ದಿರಬೇಕು ಎಂದುಕೊಂಡು ಚೀಲ ಹೆಗಲಿಗೇರಿಸಿದಳು. ಕೆಲಸದ ಜಾಗದಲ್ಲಾಗಿದ್ದರೆ, ಇರಬೇಕಾದ ಒಂದು ಚೀಟಿ ಇಲ್ಲ ಎಂದ ಕೂಡಲೇ ಇವಳು ಎಲ್ಲರ ಕೈ ನಿಲ್ಲಿಸಿ, ಆ ಮನುಷ್ಯ ಎಲ್ಲಿ ಎಂದು ಕೇಳಿ, ಮುಖ ಕಣ್ಣಾರೆ ಕಂಡ ಮೇಲೇ ಹೆಜ್ಜೆ ಎತ್ತುತ್ತಿದ್ದಳು. ಇದು ಅಡುಗೆಮನೆ. ಅಡುಗೆಮನೆಯಲ್ಲಿ ಯಾರೂ ಕಾಣೆಯಾಗುವುದಿಲ್ಲ ಎಂಬ ನಂಬಿಕೆ.

ಮೂರು ದಿನ ಬಿಟ್ಟು ಮಧ್ಯಾಹ್ನ ವಾಪಸಾದಾಗ ಇರುವೆ ಬಾಗಿಲು ತೆರೆದಳು. ಮೈಮೇಲೆ ಯೂನಿಫಾರಂ ಇತ್ತು, ಮುಟ್ಟಿದರೆ ಇನ್ನೂ ತೇವ. ಡೈರಿಯಲ್ಲಿ ಟೀಚರು ಕೆಂಪು ಶಾಯಿಯಲ್ಲಿ ಬರೆದಿದ್ದರು: ಮಗು ಎರಡು ದಿನದಿಂದ ಒದ್ದೆ ಬಟ್ಟೆಯಲ್ಲಿ ಬರುತ್ತಿದೆ, ಬುತ್ತಿಯಲ್ಲಿ ಬಾಳೆಹಣ್ಣು ಬಿಟ್ಟು ಬೇರೇನಿಲ್ಲ, ತಾಯಿ ಬಂದು ಕಾಣಬೇಕು. ತಂದೆ ಬಂದು ಕಾಣಬೇಕೆಂದು ಆ ಶಾಲೆಯ ಡೈರಿಯಲ್ಲಿ ಯಾರೂ ಎಂದೂ ಬರೆದಿದ್ದಿಲ್ಲ. ಬಾಳೆಹಣ್ಣೇ ಯಾಕೆ ಎಂದು ಕೇಳಿದರೆ ಇರುವೆ, ಡ್ರೈವರ್ ತಾತನಿಗೆ ಸುಲಿಯಕ್ಕೆ ಬರೋದು ಅದೊಂದೇ ಅಂದಳು.

ಡ್ರೈವರಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. ಕೈ ಕಟ್ಟಿಕೊಂಡು ನಿಂತ.

"ಊಟ ಬರ್ಲಿಲ್ಲಮ್ಮ" ಅಂದ.

"ಎಲ್ಲಿಂದ?"

"ದಿನಾ ಬರುತ್ತಲ್ಲ, ಹಂಗೆ. ಏಳು ಗಂಟೆಗೆ ಬರ್ಬೇಕಿತ್ತು. ಎಂಟೂವರೆ ತನಕ ಕಾದೆ. ಆಮೇಲೆ ಬ್ರೆಡ್ಡು ಕೊಟ್ಟೆ."

ಯೂನಿಫಾರಮ್ಮಿನ ಕತೆಯೂ ಅದೇ. ಅದು ದಿನಾ ಬೆಳಿಗ್ಗೆ ಒಗೆದು, ಒಣಗಿ, ಮಡಚಿಕೊಂಡು ಕುರ್ಚಿಯ ಮೇಲೆ ಇರುತ್ತಿತ್ತು. ಈ ಸಲ ಇರಲಿಲ್ಲ. ಅವನೇ ಬಕೀಟಿನಲ್ಲಿ ಅದ್ದಿ ತೆಗೆದು ಹರವಿದ, ಹಿಂಡಬೇಕೆಂದು ತೋಚಲಿಲ್ಲ. ಎರಡು ವರ್ಷ ಪ್ರತಿ ಸಂಜೆ ಮಗುವನ್ನು ಕೈ ಹಿಡಿದು ತಂದು, ತನ್ನ ಚೀಟಿ ತೂಗುಹಾಕಿ, ಟೀವಿಯ ಮುಂದೆ ಅವಳ ಜೊತೆ ಕೂತವನಿಗೆ, ಆ ಸಂಜೆಗಳಲ್ಲಿ ಊಟ, ಒಗೆತ, ಹೋಮ್‌ವರ್ಕು, ಜ್ವರದ ಗುಳಿಗೆ ಎಲ್ಲ ಎರಡನೇ ಮಹಡಿಯಿಂದ ಮೆಟ್ಟಿಲು ಹತ್ತಿ ಬರುತ್ತಿತ್ತು ಎಂಬುದು, ನಲ್ಲಿಯಲ್ಲಿ ನೀರು ಬರುವಷ್ಟೇ ಸಹಜವಾಗಿತ್ತು. ಅವನನ್ನು ಬೈಯಲು ಬಾಯಿ ತೆರೆದ ಬೀಗದಕ್ಕ ಮುಚ್ಚಿಕೊಂಡಳು. ತನಗೂ ಹಾಗೇ ಇತ್ತು.

ಚೀಲ ಇಳಿಸಿದವಳೇ ಕೆಳಗೆ ಹೋದಳು. ಟೈಲರಮ್ಮ ಮೆಷಿನ್ನಿನ ಮುಂದೆ ಕೂತಿದ್ದರು. ಸುತ್ತ ಕಡುನೀಲಿ ಬಟ್ಟೆಯ ರಾಶಿ; ಮುಂದಿನ ತಿಂಗಳೊಳಗೆ ಮುಗಿಸಿಕೊಡಬೇಕಾದ ಇನ್ನೂರು ಲಂಗದ ಆರ್ಡರು. ಒಳಗಿನ ಕೋಣೆಯಲ್ಲಿ ಅಜ್ಜಿಯ ಕೆಮ್ಮು. ಟೈಲರಮ್ಮ ಪೆಡಲು ನಿಲ್ಲಿಸಲಿಲ್ಲ.

"ಚೀಟಿ ತೆಗೆದಿದ್ದೆ" ಅಂದರು. "ಹಾಕಿದವರೇ ತೆಗೀಬೇಕು ಅಂತ ನಿಮ್ಮ ರೂಲೇ ಅಲ್ವಾ?"

"ಒಂದು ಮಾತು ಹೇಳ್ಬಹುದಿತ್ತಲ್ಲ."

"ಮೀಟಿಂಗಲ್ಲಿ ನೀವೂ ಒಂದು ಮಾತು ಹೇಳ್ಬಹುದಿತ್ತಲ್ಲ."

ಮೆಷಿನ್ನು ಒಂದು ಲಂಗದ ಅಂಚು ಪೂರ್ತಿ ಓಡಿ ನಿಂತಿತು. ಬೀಗದಕ್ಕ ನಿಂತೇ ಇದ್ದಳು. ಕೂರಿ ಎಂದು ಈ ಮನೆಯಲ್ಲಿ ಮೊದಲ ಸಲ ಯಾರೂ ಹೇಳಲಿಲ್ಲ. ಟೈಲರಮ್ಮ ದನಿ ಏರಿಸದೆ, ಅಳತೆ ಹೇಳುವವರ ಹಾಗೆ, ಒಂದೊಂದಾಗಿ ಹೇಳಿದರು. ಸಂಜೆ ಐದರಿಂದ ಎಂಟರ ತನಕ ತಾವು ಮೆಷಿನ್ನಿಗೆ ಕೂರದೆ ಎರಡು ವರ್ಷವಾಯಿತು. ಮಗುವಿಗೆ ಬೇಳೆ ಬೇಕು, ಅತ್ತೆಗೆ ಬೇಳೆ ಆಗುವುದಿಲ್ಲ, ಎರಡು ಪಾತ್ರೆ. ಹೋದ ವರ್ಷ ಮಗುವಿಗೆ ಜ್ವರ ಬಂದ ನಾಲ್ಕು ದಿನವೂ ಹಣೆಯ ಮೇಲೆ ಬಟ್ಟೆ ಬದಲಿಸಿದ್ದು ಯಾರು, ಫೋನಿನಲ್ಲಿ ನಿಮಗೆ ಟೆಂಪರೇಚರು ಓದಿ ಹೇಳಿದ್ದು ಯಾರು? ಓದಿದ್ದು ಡ್ರೈವರಣ್ಣ. ಓದಿ ಹೇಳಿದವನ ಹೆಸರು ನಿಮಗೆ ನೆನಪಿದೆ. ಜಡೆ ಹಾಕುವುದನ್ನು ಅವನಿಗೆ ಕಲಿಸಿದ್ದು ತಾನೇ, ಅತ್ತೆಯ ತಲೆಯನ್ನು ಅವನ ಮುಂದೆ ಹಿಡಿದು.

"ನಾನು ಹೆಂಗಸು, ಮಾಡ್ತೀನಿ. ಅವರು ಗಂಡಸು, ಆದ್ರೂ ಮಾಡ್ತಾರೆ. ಅದಕ್ಕೆ ಚಪ್ಪಾಳೆ" ಅಂದರು. "ಬೇರೆ ಯಾರಾದ್ರೂ ಹಂಗೆ ಅಂದಿದ್ರೆ ಬಿಟ್ಟಾಕ್ತಿದ್ದೆ. ನೀವು ಅಂದ್ರಿ."

ಬೀಗದಕ್ಕ ತಪ್ಪಾಯಿತು ಅಂದಳು. ಅದು ಬಾಯಿಮಾತಾಗಿರಲಿಲ್ಲ, ಟೈಲರಮ್ಮನಿಗೂ ಅದು ಗೊತ್ತಾಯಿತು. ಅವರು ದಾರ ಕಡಿದು, ಮಗು ಎರಡನೇ ದಿನ ಬ್ರೆಡ್ಡು ತಿಂದಿತು ಎಂದು ತಿಳಿದಾಗ ತಾನು ಪಾತ್ರೆ ಹಿಡಿದು ಮೆಟ್ಟಿಲ ತನಕ ಬಂದಿದ್ದೆ ಎಂದು ಹೇಳಿದರು. ಅರ್ಧ ಮೆಟ್ಟಿಲು ಹತ್ತಿ, ಈಗ ಹೋದರೆ ಇನ್ನು ಸಾಯುವ ತನಕ ಹತ್ತುತ್ತಲೇ ಇರುತ್ತೇನೆ ಅನ್ನಿಸಿ ಇಳಿದುಬಿಟ್ಟರಂತೆ. ಆ ರಾತ್ರಿ ತಾವೂ ಉಣ್ಣಲಿಲ್ಲವಂತೆ.

"ಹೊಸ ಕೆಲಸ ಒಪ್ಕೊಂಡಿದ್ದೀನಿ" ಎಂದಳು ಬೀಗದಕ್ಕ. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ತಿಂಗಳಲ್ಲಿ ಹದಿನೈದು ದಿನ. ನೀವು ಇಲ್ಲ ಅಂದ್ರೆ ನಾಳೆನೇ ಆಗಲ್ಲ ಅಂತ ಹೇಳಿ ಕೌಂಟರಿನಲ್ಲಿ ಕೂತ್ಕೋತೀನಿ. ಏನು ಮಾಡ್ಲಿ ಹೇಳಿ."

ಟೈಲರಮ್ಮ ಇದನ್ನು ಯೋಚಿಸಿಯೇ ಇಟ್ಟಿದ್ದರು. "ನಂಗೆ ನಾಲ್ಕು ದಿನ ಬೇಕು. ಊರು ಬಿಟ್ಟು ಹೋಗ್ಬೇಕು. ನನ್ನ ಜೊತೆ ಓದಿದವಳೊಬ್ಬಳ ಮನೆ ಇದೆ, ಹತ್ತು ವರ್ಷದಿಂದ ಕರೀತಿದ್ದಾಳೆ."

"ಏನಾದ್ರೂ ವಿಶೇಷನಾ ಅಲ್ಲಿ?"

"ಏನೂ ಇಲ್ಲ. ಸುಮ್ನೆ ಕೂತ್ಕೋತೀನಿ. ಅದಕ್ಕೇ ಹೋಗೋದು."

ಮಗುವನ್ನು ಮತ್ತೆ ನೋಡಿಕೊಳ್ಳಲು ಟೈಲರಮ್ಮ ಇಟ್ಟ ಷರತ್ತು ಇಷ್ಟು: ಆ ನಾಲ್ಕು ದಿನ ಅಜ್ಜಿಯನ್ನು ನೋಡಿಕೊಳ್ಳಬೇಕಾದವಳು ಬೀಗದಕ್ಕ. ಡ್ರೈವರಣ್ಣನ ಮೇಲೆ ಹಾಕುವ ಹಾಗಿಲ್ಲ, ಇನ್ನೊಬ್ಬ ಹೆಂಗಸನ್ನು ಹುಡುಕಿ ತರುವ ಹಾಗೂ ಇಲ್ಲ. ಹೊರಡುವುದು ಬರುವ ಗುರುವಾರ, ಬರುವುದು ಭಾನುವಾರ ಸಂಜೆ. ಬೀಗದಕ್ಕ ಹೊಸ ಆಸ್ಪತ್ರೆಗೆ ಹೋಗಿ ಕೆಲಸ ಶುರುಮಾಡಬೇಕಿದ್ದುದೂ ಅದೇ ಗುರುವಾರ. ಅದು ಟೈಲರಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ದಿನ ಬದಲಿಸುತ್ತಿದ್ದರೇನೋ. ಬೀಗದಕ್ಕ ಹೇಳಲಿಲ್ಲ. ಆಗಲಿ ಅಂದಳು.

ಮೇಲೆ ಬಂದು ಮ್ಯಾನೇಜರಿಗೆ ಫೋನು ಮಾಡುವ ಮೊದಲು ಒಂದು ಲೋಟ ನೀರು ಕುಡಿದಳು. ಹದಿನೈದು ವರ್ಷದಲ್ಲಿ ಅವಳು ಮನೆಯ ಕಾರಣ ಕೊಟ್ಟು ರಜೆ ಕೇಳಿದ್ದಿಲ್ಲ. ಟೈಲರಮ್ಮ ಸಿಗುವ ಮೊದಲು ಮಗುವಿಗೆ ಜ್ವರ ಬಂದಾಗಲೂ ತನಗೇ ಜ್ವರ ಅಂದಿದ್ದಳು. ತಾಯಿಯ ಜ್ವರಕ್ಕೆ ರಜೆಯುಂಟು, ಮಗುವಿನ ಜ್ವರಕ್ಕೆ ಅನುಕಂಪವುಂಟು, ಅನುಕಂಪ ಸಿಕ್ಕಿದವರಿಗೆ ಮುಂದಿನ ಕೆಲಸ ಸಿಗುವುದಿಲ್ಲ. ಈ ಸಲ ಸುಳ್ಳು ಹೊಂದಿಸಲು ಹೋಗಲಿಲ್ಲ. ಗುರುವಾರ ಬರಲಾಗುವುದಿಲ್ಲ, ಸೋಮವಾರ ಬರುತ್ತೇನೆ ಅಂದಳು.

"ಮಗುಗೆ ಹುಷಾರಿಲ್ವಾ?" ಅಂದ ಮ್ಯಾನೇಜರು.

"ಮಗು ಚೆನ್ನಾಗಿದೆ. ಕೆಳಗಿನ ಮನೆಯವರ ಅತ್ತೆನ ನೋಡ್ಕೋಬೇಕು."

"ಅವರು ನಿಮಗೆ ಏನಾಗ್ಬೇಕು?"

"ನನ್ನ ಮಗಳನ್ನ ನೋಡ್ಕೊಳ್ಳೋರ ಅತ್ತೆ ಆಗ್ಬೇಕು."

ಅಂಥ ನೆಂಟಸ್ತಿಕೆಗೆ ರಜೆಯ ಫಾರಮ್ಮಿನಲ್ಲಿ ಜಾಗವಿಲ್ಲ ಎಂದ ಅವನು. ಜಾಗ ಬೇಡ, ಸಂಬಳವಿಲ್ಲದ ರಜೆ ಎಂದು ಬರೆಯಿರಿ ಅಂದಳು. ಆಮೇಲೆ ಕೆಲಸದ ಮಾತಾಡಿದಳು. ಗುರುವಾರ ಆಗುವುದು ಯಂತ್ರ ಕೂರಿಸುವ ಕಟ್ಟೆಗಳಿಗೆ ಕಾಂಕ್ರೀಟು ಸುರಿಯುವ ಕೆಲಸ. ಅಳತೆ ತಾನೇ ತೆಗೆದು ಕೊಟ್ಟಿದ್ದಾಗಿದೆ. ಸುರಿದ ಮೇಲೆ ಅದು ಗಟ್ಟಿಯಾಗುವ ತನಕ ಒಂದು ಬೋಲ್ಟು ಬಿಗಿಯುವ ಹಾಗಿಲ್ಲ. ಕಾಂಕ್ರೀಟು ಒಣಗುವುದನ್ನು ನೋಡುತ್ತ ಕೂರಲು ಮುಖ್ಯಸ್ಥೆಯೇ ಬೇಕಾ? ಮ್ಯಾನೇಜರು ಗೊಣಗಿದ. ಸೋಮವಾರ ಬೆಳಿಗ್ಗೆ ಆರರ ಬಸ್ಸಿಗೆ ಹೊರಡದಿದ್ದರೆ ಕೆಲಸ ಇನ್ನೊಬ್ಬನಿಗೆ, ಮುಂದಿನ ವಾರದಿಂದ ನೀವು ಕೌಂಟರಿಗೆ ಎಂದ. ಅವನು ಹೇಳಿದ್ದನ್ನು ಮಾಡುವವನು ಎಂಬುದು ಇಡೀ ಕಂಪನಿಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಟೈಲರಮ್ಮ ಒಂದೇ ಒಂದು ಕೈಚೀಲ ಹಿಡಿದು ಹೊರಟರು. ಬೀಗದಕ್ಕ ಪೆನ್ನು, ಪುಸ್ತಕ ಹಿಡಿದು ನಿಂತಿದ್ದಳು. ತಾನು ಊರಿಗೆ ಹೊರಡುವಾಗ ಆರು ಪುಟದ ಪಟ್ಟಿ ಬರೆದಿಡುವವಳು. ಟೈಲರಮ್ಮ ಬರೆಸಲಿಲ್ಲ. "ಅವರನ್ನೇ ಕೇಳಿ, ಬಾಯಿ ಗಟ್ಟಿ ಇದೆ" ಎಂದು ಅತ್ತೆಯ ಕಡೆ ಕೈ ತೋರಿಸಿ ಮೆಟ್ಟಿಲಿಳಿದರು.

ಬಾಯಿ ಗಟ್ಟಿಯಿತ್ತು. ಗಂಜಿಗೆ ಉಪ್ಪು ಹೆಚ್ಚಾಯಿತು, ಬಿಸಿ ಕಡಿಮೆಯಾಯಿತು, ದಿಂಬು ಇಟ್ಟದ್ದು ತಲೆಗೋ ಕಾಲಿಗೋ. ನೂರು ಕಿಲೋದ ಉರುಳೆಯನ್ನು ಜಾಕಿನ ಮೇಲೆ ಎತ್ತಿ ಕೂರಿಸುತ್ತಿದ್ದವಳಿಗೆ ನಲವತ್ತು ಕಿಲೋದ ಮುದುಕಿಯನ್ನು ಬಚ್ಚಲಿನ ಸ್ಟೂಲಿನ ಮೇಲೆ ಕೂರಿಸುವಷ್ಟರಲ್ಲಿ ಬೆವರು ಕಿತ್ತುಕೊಂಡಿತು. ಉರುಳೆ ಹೆದರುವುದಿಲ್ಲ. ಅಜ್ಜಿ ಹೆದರಿ ಇವಳ ಕೂದಲು ಹಿಡಿದುಕೊಂಡಿತು. ಎರಡನೇ ದಿನ ಬೆನ್ನು ಉಜ್ಜುವಾಗ ಅಜ್ಜಿ ಇದ್ದಕ್ಕಿದ್ದಂತೆ, "ಅವಳು ವಾಪಸ್ ಬರ್ತಾಳಾ?" ಎಂದು ಕೇಳಿತು. ಬರುತ್ತಾರೆ ಅಂದಳು ಬೀಗದಕ್ಕ. ಅಜ್ಜಿ, "ನಾನಾಗಿದ್ರೆ ಬರ್ತಿರ್ಲಿಲ್ಲ" ಎಂದು ಹೇಳಿ, ಎಡಗಡೆ ಇನ್ನೂ ಸ್ವಲ್ಪ ಉಜ್ಜು ಅಂತು.

ಇರುವೆ ಶಾಲೆಯಿಂದ ಬಂದವಳೇ ಕೆಳಗಿನ ಮನೆಯಲ್ಲಿ ಠಿಕಾಣಿ ಹೂಡಿದಳು. ಅಮ್ಮ ನಾಲ್ಕು ದಿನವೂ ಸಂಜೆ ಐದು ಗಂಟೆಗೆ ಮನೆಯಲ್ಲಿ ಇರುವುದು ಅವಳಿಗೆ ಹಬ್ಬವೇನಾಗಿರಲಿಲ್ಲ. ಟೈಲರತ್ತೆ ಬೇಳೆಗೆ ಬೇರೆ ಏನೋ ಹಾಕುತ್ತಾರೆ, ನಿನಗೆ ಬರಲ್ಲ ಅಂದಳು. ಏನು ಹಾಕುತ್ತಾರೆ ಎಂದರೆ ಗೊತ್ತಿಲ್ಲ. ಏಳು ಗಂಟೆಗೆ ಸರಿಯಾಗಿ ಡ್ರೈವರಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಬೀಗದಕ್ಕ ಅವನ ಕೈಗೆ ಚಾಕುವನ್ನೂ ಒಂದು ತಟ್ಟೆ ಆಲೂಗಡ್ಡೆಯನ್ನೂ ಕೊಟ್ಟಳು. ಅವನು ಅದನ್ನು ತುಸುಹೊತ್ತು ನೋಡಿ, ಯಾವ ಗೇರಿನಲ್ಲಿ ಶುರುಮಾಡಬೇಕು ಎಂದು ಕೇಳಿದ. ಮೂರು ಸಂಜೆ ಅವನು ಹೆಚ್ಚಿದ, ತೊಳೆದ, ಹಿಂಡಿದ. ಬೆರಳು ಎರಡು ಕಡೆ ಕೊಯ್ದುಕೊಂಡ. ಜಡೆ ಹಾಕಿದ್ದನ್ನು ಹತ್ತು ಜನಕ್ಕೆ ಹೇಳಿದ್ದ ಮನುಷ್ಯ ಇದನ್ನು ಯಾರಿಗೂ ಹೇಳಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಟೈಲರಮ್ಮನ ಫೋನು ಬಂತು. ದನಿ ಬೇರೆಯೇ ಆಗಿತ್ತು, ನಿದ್ದೆ ತುಂಬಿದ ದನಿ. ಎಲ್ಲ ಚೆನ್ನಾಗಿದೆಯಾ ಎಂದು ಕೇಳಿ, ಆಮೇಲೆ ಅಂದರು:

"ಇನ್ನೊಂದು ದಿನ ಇರ್ಲಾ? ನಾಳೆ ಸಂಜೆ ಬರ್ತೀನಿ. ಆಗಲ್ಲ ಅಂದ್ರೆ ಇವತ್ತೇ ಹೊರಡ್ತೀನಿ, ಪರವಾಗಿಲ್ಲ."

ಬೀಗದಕ್ಕ ಒಲೆಯ ಮುಂದೆ ನಿಂತಿದ್ದಳು. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಬಸ್ಸು. ಆಗಲ್ಲ ಅನ್ನುವುದು ಸುಲಭ. ಟೈಲರಮ್ಮ ಒಂದು ಮಾತೂ ಆಡದೆ ಚೀಲ ಕಟ್ಟಿ ಬಂದುಬಿಡುತ್ತಾರೆ. ಆ ಪರವಾಗಿಲ್ಲ ಎಂಬ ಮಾತು ಇವಳ ಕಿವಿಯಲ್ಲಿ ನಿಂತಿತು. ಎರಡು ವರ್ಷದಲ್ಲಿ ಇವಳು ಫೋನಿನಲ್ಲಿ ಎಷ್ಟು ಸಲ, ಮೆಷಿನ್ನು ಇನ್ನೂ ಸರಿಯಾಗಿಲ್ಲ, ಇನ್ನೊಂದು ದಿನ ಆಗುತ್ತೆ ಅಂದಿರಬಹುದು? ಪ್ರತಿ ಸಲವೂ ಆ ಕಡೆಯಿಂದ ಬಂದಿದ್ದು ಪರವಾಗಿಲ್ಲ ಎಂಬ ಇದೇ ಮಾತು. ಆಗ ಇವಳು ಅದನ್ನು ಕೇಳಿಸಿಕೊಂಡೂ ಇರಲಿಲ್ಲ.

"ಇರಿ" ಅಂದಳು. "ನಾಳೆ ಸಂಜೆ ಬನ್ನಿ. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗ್ತೀನಿ, ಡ್ರೈವರಣ್ಣ ಇರ್ತಾರೆ."

"ಅವರೊಬ್ಬರೇ?"

"ಅವರೊಬ್ಬರೇ."

ವಾಪಸು ಹೊರಡುವ ಮಾತು ಬರುತ್ತದೆ ಎಂದು ಬೀಗದಕ್ಕ ಕಾದಳು. "ಔಷಧಿ ನೀಲಿ ಡಬ್ಬಿಲಿದೆ" ಎಂದಷ್ಟೇ ಹೇಳಿ ಟೈಲರಮ್ಮ ಫೋನಿಟ್ಟರು.

ವಿಷಯ ಕೇಳಿ ಡ್ರೈವರಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತ. ಐವತ್ತು ಜನರನ್ನು ಕೂರಿಸಿಕೊಂಡು ಓಡಿಸಿದ್ದೇನೆ, ಒಬ್ಬ ಮುದುಕಿಯನ್ನು ನಡೆಸುವುದು ನನಗೆ ಗೊತ್ತಿಲ್ಲ ಅಂದ. ಬೀಗದಕ್ಕ ಸಮಾಧಾನ ಹೇಳಲಿಲ್ಲ, ಕೆಲಸ ಹೇಳಿಕೊಟ್ಟಳು. ಸ್ನಾನವನ್ನು ತಾನೇ ಭಾನುವಾರ ಸಂಜೆ ಮುಗಿಸಿದಳು. ಉಳಿದದ್ದು ಗಂಜಿ, ಗುಳಿಗೆ, ಬಚ್ಚಲ ಬಾಗಿಲ ತನಕ ಕೈ ಹಿಡಿದು ಹತ್ತು ಹೆಜ್ಜೆ, ಹೊರಗೆ ಕಾಯುವುದು, ವಾಪಸು ಹತ್ತು ಹೆಜ್ಜೆ. ಮಧ್ಯಾಹ್ನವೆಲ್ಲ ಅಭ್ಯಾಸ ನಡೆಯಿತು. ಅಜ್ಜಿ ಅವನ ತೋಳಿಗೆ ಜೋತುಬಿದ್ದು ನಡೆಯುತ್ತ, ನಿಧಾನ, ನಾನೇನು ಟಿಕೆಟ್ ಇಲ್ಲದೆ ಹತ್ತಿದವಳಲ್ಲ ಅಂತು. ಅವನು ನಕ್ಕು ಹೆಜ್ಜೆ ನಿಧಾನಿಸಿದ. ಆದರೂ ಬೀಗದಕ್ಕನಿಗೆ ಧೈರ್ಯವಿರಲಿಲ್ಲ. ಬೆಳಿಗ್ಗೆ ಐದೂಕಾಲಿಗೆ ಹೊರಡುವಾಗ ಅವನು ಆಗಲೇ ಕೆಳಗಿನ ಮನೆಯ ಒಲೆಯ ಮುಂದೆ ನಿಂತಿದ್ದ. ಇರುವೆ ಅಜ್ಜಿಯ ಪಕ್ಕದಲ್ಲಿ ಮಲಗಿದ್ದಳು. ಬಸ್ಸು ಆರಕ್ಕೆ ಸರಿಯಾಗಿ ಹೊರಟಿತು, ಅವಳು ಅದರಲ್ಲಿದ್ದಳು.

ಕಟ್ಟೆಗಳು ಚೆನ್ನಾಗಿ ಬಂದಿದ್ದವು, ಮೂರನೆಯದು ಬಿಟ್ಟು. ಅದರ ಕಾಂಕ್ರೀಟಿನಲ್ಲಿ ಹೂತ ಬೋಲ್ಟಿನ ಸಾಲು ಒಂದು ಬೆರಳು ಓರೆ. ನಾನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅಲ್ಲಿದ್ದ ನಾಲ್ಕು ಜನಕ್ಕೂ ಗೊತ್ತಿತ್ತು, ಸಂಜೆಯೊಳಗೆ ಮ್ಯಾನೇಜರಿಗೂ ಗೊತ್ತಾಗಿ ಅವನು ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದ. ಸರಿಪಡಿಸಲು ಎರಡು ದಿನ ಹೆಚ್ಚಿಗೆ ಹಿಡಿಯುತ್ತದೆ, ಹಿಡಿಯಲಿ, ಮಾಡುತ್ತೇನೆ ಅಂದಳು. ಕೆಲಸದಿಂದ ತೆಗೆಯುವ ಮಾತು ಅವನು ಎತ್ತಲಿಲ್ಲ. ತೆಗೆದರೆ ಆ ಕಟ್ಟೆ ಸರಿಮಾಡುವವರು ಬೇರೆ ಯಾರೂ ಇರಲಿಲ್ಲ.

ಏಳೂವರೆಗೆ ಟೈಲರಮ್ಮ ಫೋನು ಮಾಡಿದರು.

"ಬಂದೆ. ಎಲ್ಲರೂ ಜೀವಂತ ಇದ್ದಾರೆ. ಅಡುಗೆಮನೆ ನೋಡಿದ್ರೆ ಯುದ್ಧ ಆದಂಗಿದೆ, ಅವರೇ ತೊಳೀತಾ ಇದ್ದಾರೆ. ನಾನು ಕೈ ಹಾಕಿಲ್ಲ, ಕುರ್ಚಿ ಮೇಲೆ ಕೂತ್ಕೊಂಡು ಹೇಳ್ತಾ ಇದ್ದೀನಿ." ಹಿಂದೆ ಪಾತ್ರೆಯ ಸದ್ದು, ಇರುವೆಯ ನಗು. "ಒಂದು ವಿಷಯ. ಇನ್ಮೇಲೆ ಸೋಮವಾರ, ಬುಧವಾರ ಸಂಜೆ ನಾನು ಮೆಷಿನ್ ಬಿಟ್ಟು ಏಳಲ್ಲ. ಆ ಎರಡು ದಿನ ಅವರ ಅಡುಗೆ. ಮಗು ತಿನ್ನುತ್ತೋ ಬಿಡುತ್ತೋ ನನ್ನ ಕೇಳ್ಬೇಡಿ."

"ಆಯ್ತು."

"ಎರಡು ತಿಂಗಳು ಆದ್ಮೇಲೆ ಮತ್ತೆ ಹೋಗ್ತೀನಿ. ಆಗ ಐದು ದಿನ. ನೀವು ಈಗ್ಲೇ ನಿಮ್ಮ ಆಫೀಸಲ್ಲಿ ಹೇಳಿಡಿ."

ಬೀಗದಕ್ಕ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಯಂತ್ರಗಳ ಕೆಲಸದ ಪಟ್ಟಿಯ ಹಾಳೆ ತಿರುಗಿಸಿ, ತಾರೀಕು ಕೇಳಿದಳು. ಟೈಲರಮ್ಮ ಕ್ಯಾಲೆಂಡರು ನೋಡಿ ಹೇಳಿದರು. ಆ ಐದು ದಿನದ ಮೇಲೆ ಅಡ್ಡಗೆರೆ ಎಳೆದು, ಆಗ ಬರಬೇಕಿದ್ದ ಏಳನೇ ಯಂತ್ರವನ್ನು ಮುಂದಿನ ವಾರಕ್ಕೆ ಸರಿಸಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಕೈಕೆಳಗಿನವರನ್ನು ಮೂರನೇ ಕಟ್ಟೆಯ ಹತ್ತಿರ ಕರೆದಳು.